ಚಿತ್ರವೂ ಅಚ್ಚುಮೊಳೆಯೂ ಒಂದೇ ಪುಟದಲ್ಲಿ: 1838ರ ಒಂದು ಫ್ರೆಂಚ್ ಪುಸ್ತಕ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಂದೇ ಪುಸ್ತಕದ ಬಗ್ಗೆ. ಪ್ಯಾರಿಸ್‌ನ ಪ್ರಕಾಶಕ ಲೆಯೋಂ ಕ್ಯುರ್ಮೆರ್ 1838ರಲ್ಲಿ ಹೊರತಂದ ‘ಪಾಲ್ ಎ ವಿರ್ಜಿನಿ’. ಬೆರ್ನಾರ್ದಾಂ ದ ಸಾಂ-ಪಿಯೆರ್ ಬರೆದ ಈ ಕತೆಗೆ ಆಗಲೇ 50 ವರ್ಷ ಆಗಿತ್ತು. ಮಾರಿಷಸ್‌ನಲ್ಲಿ ಒಟ್ಟಿಗೆ ಬೆಳೆದ ಹುಡುಗ, ಹುಡುಗಿ. ಕೊನೆಗೆ ಹಡಗು ಒಡೆದು ಹುಡುಗಿ ಸಾಯುತ್ತಾಳೆ. ಫ್ರಾನ್ಸಿನ ಓದುಗರಿಗೆ ಚೆನ್ನಾಗಿ ಗೊತ್ತಿದ್ದ ಕತೆ ಇದು. ಆದರೂ ಕ್ಯುರ್ಮೆರ್ ಅದಕ್ಕೆ ಅಷ್ಟು ದುಡ್ಡು ಸುರಿದ. ಯಾಕೆ? ಚಿತ್ರಗಳಿಗಾಗಿ.

ಇಂಥ ಪುಸ್ತಕ ಕಂಡರೆ ನಮ್ಮ ಕಣ್ಣು ಮೊದಲು ಹೋಗುವುದು ಬೈಂಡಿಂಗ್ ಕಡೆಗೆ, ಅಲ್ವಾ? ನಾವು ಮೊದಲು ಒಳಗೆ ಹೋಗೋಣ, ಆಮೇಲೆ ಹೊರಗೆ ಬರೋಣ.

ಹಿಂದೆಲ್ಲ ಒಳ್ಳೆಯ ಚಿತ್ರ ಬೇಕೆಂದರೆ ತಾಮ್ರದ ತಗಡಿನಲ್ಲಿ ಕೊರೆಯುತ್ತಿದ್ದರು. ಅಲ್ಲಿ ಶಾಯಿ ನಿಲ್ಲುವುದು ಗೀರಿನ ಒಳಗೆ, ಅಕ್ಷರದ ಅಚ್ಚುಮೊಳೆಯಲ್ಲಾದರೆ ಉಬ್ಬಿದ ಮುಖದ ಮೇಲೆ. ಅದಕ್ಕೆ ಬೇರೆಯೇ ಪ್ರೆಸ್ ಬೇಕು. ಹಾಗಾಗಿ ಚಿತ್ರ ಒಂದು ಪುಟ, ಬರಹ ಇನ್ನೊಂದು ಪುಟ. ಇಂಗ್ಲೆಂಡಿನ ಥಾಮಸ್ ಬ್ಯೂವಿಕ್ ಬೆಳೆಸಿದ ಮರಗೆತ್ತನೆ ಈ ಗೋಡೆಯನ್ನು ಒಡೆಯಿತು. ಬಾಕ್ಸ್‌ವುಡ್ ಅನ್ನುವ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು, ಆ ಮುಖದ ಮೇಲೆ ಕೂದಲೆಳೆಯಂಥ ಗೆರೆ ತೆಗೆಯಬಹುದು. ಅಚ್ಚನ್ನು ಮೊಳೆಯಷ್ಟೇ ಎತ್ತರಕ್ಕೆ ಮಾಡಿ, ಮೊಳೆಗಳ ಜೊತೆಗೇ ಜೋಡಿಸಿ, ಒಂದೇ ಸಲಕ್ಕೆ ಒತ್ತಬಹುದು.

ಕ್ಯುರ್ಮೆರ್ ಈ ಅನುಕೂಲವನ್ನು ಪೂರ್ತಿ ಬಳಸಿಕೊಂಡ. ಅವನ ಪುಸ್ತಕದಲ್ಲಿ ನೂರಾರು ಚಿತ್ರಗಳು ಸಾಲುಗಳ ನಡುವೆಯೇ ಬರುತ್ತವೆ. ಒಂದು ಕಡೆ ಎಲೆ, ಒಂದು ಕಡೆ ಅಲೆ, ಇನ್ನೊಂದು ಕಡೆ ಗುಡಿಸಲು. ಓದುತ್ತಾ ಇದ್ದ ಹಾಗೇ ಕಾಣುತ್ತವೆ. ಚಿತ್ರ ಬರೆದವರಲ್ಲಿ ತೋನಿ ಜೊಆನೊ ಮುಖ್ಯ. ಕೆತ್ತಿದವರಲ್ಲಿ ಬಹಳ ಮಂದಿ ಇಂಗ್ಲಿಷರು. ಕಲಾವಿದ ಮರದ ಮೇಲೇ ನೇರವಾಗಿ ಚಿತ್ರ ಬರೆಯುತ್ತಿದ್ದ, ಕೆತ್ತುವವನು ಅದನ್ನೇ ಕೊರೆಯುತ್ತಿದ್ದ. ಕೆಲಸ ಮುಗಿಯುವ ಹೊತ್ತಿಗೆ ಮೂಲ ಚಿತ್ರವೇ ಇರುತ್ತಿರಲಿಲ್ಲ! ನಮಗೆ ಉಳಿದದ್ದು ಕೆತ್ತಿದವನ ಕೈ. ಅದಕ್ಕೇ ಕ್ಯುರ್ಮೆರ್ ಈ ಪುಸ್ತಕವನ್ನು ಅದರ ಕಲಾವಿದರಿಗೇ ಅರ್ಪಿಸಿದ್ದು ನನಗೆ ತುಂಬಾ ದೊಡ್ಡ ಮಾತಾಗಿ ಕಾಣುತ್ತದೆ.

ಇದೇ ಸಂಪುಟದಲ್ಲಿ ಸಾಂ-ಪಿಯೆರ್‌ನ ಇನ್ನೊಂದು ಕತೆಯೂ ಇದೆ, ‘ಇಂಡಿಯಾದ ಗುಡಿಸಲು’. ಒಬ್ಬ ಇಂಗ್ಲಿಷ್ ಪಂಡಿತ ಸತ್ಯ ಹುಡುಕಿಕೊಂಡು ಪುರಿ ಜಗನ್ನಾಥಕ್ಕೆ ಬರುತ್ತಾನೆ. ಅಲ್ಲಿನ ದೊಡ್ಡ ಪುರೋಹಿತನಿಂದ ಸಿಗದ ಉತ್ತರ ಅವನಿಗೆ ಸಿಗುವುದು ಊರಾಚೆಯ ಅಸ್ಪೃಶ್ಯನ ಗುಡಿಸಲಿನಲ್ಲಿ. ಈ ಭಾಗಕ್ಕೆ ಚಿತ್ರ ಬರೆದವರಲ್ಲಿ ಮೆಸೊನಿಯೆ ಒಬ್ಬ. ಇನ್ನೂ 25 ತುಂಬದ ಹುಡುಗ. ಬರೆದ ಲೇಖಕನಾಗಲಿ ಅವನಾಗಲಿ ನಮ್ಮ ದೇಶ ನೋಡಿದವರಲ್ಲ. ಆದರೂ 1791ರಷ್ಟು ಹಿಂದೆಯೇ ಒಬ್ಬ ಫ್ರೆಂಚ್ ಲೇಖಕ ಅಸ್ಪೃಶ್ಯತೆಯ ಪ್ರಶ್ನೆ ಎತ್ತಿದನಲ್ಲ, ಅದು ಮುಖ್ಯ.

ಈಗ ಹೊರಗೆ ಬರೋಣ. ಪುಸ್ತಕ ಕಂತುಕಂತಾಗಿ ಮಾರಾಟವಾಯಿತು. ಎಲ್ಲ ಕಂತು ಸೇರಿದ ಮೇಲೆ ಕೊಂಡವರು ಸಾಮಾನ್ಯವಾಗಿ ತಮಗೆ ಬೇಕಾದ ಹಾಗೆ ಬೈಂಡ್ ಮಾಡಿಸಿಕೊಳ್ಳುತ್ತಿದ್ದರು. ಹಾಗಾಗಿ ಒಂದು ಪ್ರತಿಯ ಹಾಗೆ ಇನ್ನೊಂದಿಲ್ಲ. ಆ ಕಾಲದ ಪ್ಯಾರಿಸ್‌ನಲ್ಲಿ ಗೋಥಿಕ್ ಚರ್ಚಿನ ಕಮಾನು, ಕಿಟಕಿಗಳನ್ನು ಚರ್ಮದ ಮೇಲೆ ಒತ್ತುವ ಶೈಲಿ ಜನಪ್ರಿಯವಾಗಿತ್ತು. ಜೋಸೆಫ್ ತೂವ್ನಾಂ ಅನ್ನುವ ಬೈಂಡರ್ ಅದರಲ್ಲಿ ಹೆಸರಾದವನು. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಬೈಂಡ್ ಮಾಡುವಾಗ ಅಂಚನ್ನು ಎಷ್ಟು ಕತ್ತರಿಸಿದ್ದಾರೆ ಅಂತ ಮೊದಲು ನೋಡಿ. ಚಿತ್ರದ ಸುತ್ತ ಬಿಟ್ಟಿದ್ದ ಬಿಳಿ ಜಾಗ ಹೋಗಿಬಿಟ್ಟಿದ್ದರೆ, ಮೇಲೆ ಎಷ್ಟು ಚಿನ್ನ ಇದ್ದರೂ ನಾನು ಆ ಪ್ರತಿಯನ್ನು ಆರಿಸುವುದಿಲ್ಲ. ಸಾದಾ ರಟ್ಟಿನಲ್ಲಿ ಅಗಲ ಅಂಚಿನ ಪ್ರತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.