ಒಂದು ಜಾವಾ, ಎರಡು ಎಡ ಸೈಲೆನ್ಸರ್

ನಮಸ್ಕಾರ, ಬನ್ನಿ. ಇದು ಗುಜರಿ ಅಂಗಡಿಯಲ್ಲ, ಮೈಸೂರಿನ ನಮ್ಮ ಮನೆಯ ಕಾರ್ ಶೆಡ್. ಕಾರು ಪಾಪ ಬೀದಿಯಲ್ಲಿ ನಿಂತಿದೆ. ಈ ಹಳೆಯ ಬೆಡ್‌ಶೀಟ್ ಮೇಲೆ ಹರಡಿರುವುದನ್ನೆಲ್ಲ ಸರಿಯಾಗಿ ಜೋಡಿಸಿದರೆ ಒಂದು ಜಾವಾ 250 ಬೈಕ್ ಆಗಬೇಕು. ಹಾಗಂತ ಮಾರಿದವರು ಹೇಳಿದ್ದಾರೆ. ಫ್ರೇಮ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಗೋಣಿಚೀಲದಲ್ಲೇ ಬಂತು.

ಫ್ರೇಮ್ ಮತ್ತು ಇಂಜಿನ್ನಿನ ಕೆಳಭಾಗ 1968ರದ್ದು. ಅವುಗಳ ಮೇಲೆ ಗುದ್ದಿರುವ ನಂಬರ್ ಆರ್‌ಸಿಯಲ್ಲಿರುವ ನಂಬರಿಗೆ ತಾಳೆಯಾಗುತ್ತದೆ. ಅದನ್ನು ನೋಡಿದ ಮೇಲೇ ದುಡ್ಡು ಕೊಟ್ಟಿದ್ದು. ಮಿಕ್ಕಿದ್ದು ಬರೀ ಕಲಬೆರಕೆ. ಸಿಲಿಂಡರ್ ಯೆಜ್ಡಿಯದು. ಮುಂದಿನ ಚಕ್ರ ಯೆಜ್ಡಿಯದೇ ಇನ್ನೊಂದು ಮಾದರಿ ರೋಡ್‌ಕಿಂಗ್‌ನದು. ಹೆಡ್‌ಲೈಟ್ ಗೂಡು ಇನ್ಯಾವುದೋ ಜಾವಾದ್ದು, ಅದರ ಬಣ್ಣ ಹಸಿರು. ಸೀಟು ಯಾವ ಗಾಡಿಯದೋ ಆ ದೇವರಿಗೇ ಗೊತ್ತು, ಅದನ್ನು ಆಚೆ ಇಟ್ಟಿದ್ದೇನೆ. ಬೆಕ್ಕು ಮಲಗುತ್ತಿದೆ.

"ಒರಿಜಿನಲ್ ಅಲ್ವಲ್ಲ?" ಅಂತ ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಅಲ್ಲ. ನನಗೆ ಅದರ ಬಗ್ಗೆ ಚಿಂತೆಯೂ ಇಲ್ಲ. ಒರಿಜಿನಲ್ ಅನ್ನುವುದು ಮಾರುವವರ ಮಾತು, ಓಡಿಸುವವರದ್ದಲ್ಲ. ಇಲ್ಲೇ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ಮಾಡಿತು. ಡಿಸೈನ್ ಜೆಕ್ ದೇಶದ್ದು, ಕೈ ನಮ್ಮ ಮೈಸೂರಿನವರದ್ದು. 1973ರಲ್ಲಿ ಟ್ಯಾಂಕ್ ಮೇಲಿನ ಹೆಸರು ಯೆಜ್ಡಿ ಅಂತಾಯಿತು. ಆದರೆ 250 ಸಿಸಿ ಇಂಜಿನ್ನಿನ ಅಳತೆ ಹಾಗೇ ಉಳಿಯಿತು. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 65 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 75. ಅದಕ್ಕೇ ಯೆಜ್ಡಿ ಸಿಲಿಂಡರ್ ತಂದು ಜಾವಾ ಮೇಲೆ ಕೂರಿಸುವ ಕೆಲಸ ಊರಲ್ಲಿ ಎಲ್ಲ ಹಳೆಯ ಮೆಕ್ಯಾನಿಕ್‌ಗಳೂ ಮಾಡಿದ್ದಾರೆ. ಕಂಪನಿಯ ಗಾಡಿಗಳೇ ಒಂದಕ್ಕೊಂದು ನೆಂಟರು. ನಾನ್ಯಾಕೆ ಮಡಿ ಮಾಡಲಿ?

ಸರಿ, ಇಂಜಿನ್ ಬಿಚ್ಚುವ ವಿಡಿಯೋ ಓಡುತ್ತಿದೆ, ನೋಡಿಕೊಳ್ಳಿ. ಆ ಸ್ಕ್ರೂಗಳ ತಲೆ ಸವೆದಿರುವುದು ಕಾಣಿಸುತ್ತಿದೆ ಅಲ್ವಾ? ಹಿಂದೆ ಯಾರೋ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸಿದ್ದಾರೆ. ಯಾರಪ್ಪಾ ನೀನು?

ಇಲ್ಲಿ ಒಂದು ಕ್ಷಣ ನಿಲ್ಲಿಸುತ್ತೇನೆ. ಪಿಸ್ಟನ್ ತಿರುಗಿಸುವ ದಂಡ ಕ್ರ್ಯಾಂಕ್, ಅದರ ಎಡಗಡೆ ಈ ಆಯಿಲ್ ಸೀಲ್ ನೋಡಿ, ಎಣ್ಣೆ, ಗಾಳಿ ದಾಟದಂತೆ ತಡೆಯುವ ರಬ್ಬರ್ ಬಳೆ. ಬಾಯಿ ಗಟ್ಟಿಯಾಗಿ, ಉಗುರಲ್ಲಿ ಒತ್ತಿದರೆ ಚಿಪ್ಪು ಏಳುತ್ತಿದೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ, ಅಂದರೆ ಇಂಜಿನ್ನಿನ ಕೆಳಗಿನ ಗೂಡೇ, ಪಂಪು. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಗಾಳಿ, ಪೆಟ್ರೋಲ್ ಎಳೆದುಕೊಳ್ಳುತ್ತದೆ. ಸೀಲ್ ಹೋದರೆ ಕ್ಲಚ್ ಕಡೆಯ ಎಣ್ಣೆಯನ್ನೂ ಎಳೆದುಕೊಳ್ಳುತ್ತದೆ, ಹಿಂದೆ ಬಿಳಿ ಹೊಗೆ ಬೀದಿ ತುಂಬುತ್ತದೆ. ಬಲಗಡೆ ಡೈನಮೋ ಹತ್ತಿರದ ಸೀಲ್ ಹೋದರೆ ಬೇರೆ ಕಥೆ. ಅಲ್ಲಿಂದ ಬರೀ ಗಾಳಿ ಒಳಗೆ ಬರುತ್ತದೆ, ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಜನ ಸೀಲ್ ನೋಡದೆ, ಪೆಟ್ರೋಲ್ ಅಳೆದು ಬಿಡುವ ಕಾರ್ಬುರೇಟರ್ ಜೆಟ್ ಬದಲಾಯಿಸುತ್ತಾ ಕೂರುತ್ತಾರೆ. ಸೀಲ್‌ಗೆ ಆಗುವ ಖರ್ಚು ಒಂದು ಮಸಾಲೆದೋಸೆಯಷ್ಟೂ ಇಲ್ಲ, ಆದರೆ ಅದನ್ನು ಹಾಕಬೇಕು ಅಂದರೆ ಇಂಜಿನ್ ಬಿಚ್ಚಬೇಕು. ಅದಕ್ಕೇ ಯಾರೂ ಹಾಕುವುದಿಲ್ಲ.

ಈ ಶಾಟ್ ಅಡುಗೆಮನೆಯದ್ದು. ಫ್ರೀಜರ್‌ನಲ್ಲಿ ಬಟಾಣಿ ಪ್ಯಾಕೆಟ್ ಪಕ್ಕ ಇರುವುದು ಬೇರಿಂಗ್‌ಗಳು. ಓವನ್ ಒಳಗಿರುವುದು ಕ್ರ್ಯಾಂಕ್‌ಕೇಸ್. ಅಲ್ಯೂಮಿನಿಯಂ ಕಾದರೆ ಹಿಗ್ಗುತ್ತದೆ, ಉಕ್ಕಿನ ಬೇರಿಂಗ್ ತಣ್ಣಗಾದರೆ ಕುಗ್ಗುತ್ತದೆ. ಸುತ್ತಿಗೆ ಬೇಡ, ತಾನಾಗೇ ಇಳಿಯುತ್ತದೆ. ಕೇಳಿ... ಟಕ್. ಕೇಳಿಸಿತಾ? ಅದೊಂದು ಸದ್ದಿಗೋಸ್ಕರ ನಾನು ಈ ಕೆಲಸ ಮತ್ತೆ ಮಾಡುತ್ತೇನೆ. ಅಮ್ಮ ಮಾತ್ರ ಓವನ್ ತೊಳೆದುಕೊಟ್ಟ ಮೇಲೂ ಅದರಲ್ಲಿ ಏನೂ ಮಾಡುತ್ತಿಲ್ಲ. ಸೀಮೆಎಣ್ಣೆ ವಾಸನೆ ಬರುತ್ತದೆಯಂತೆ.

ಸಿಲಿಂಡರ್ ಬೋರ್ ಮಾಡಿಸಿದ್ದು ಲೇತ್ ಅಂಗಡಿಯಲ್ಲಿ. ಪಿಸ್ಟನ್ ಕೂರಿಸುವಾಗ ಒಂದೇ ಮಾತು. ಈ ರಿಂಗ್ ಕೂರುವ ತೋಡಿನಲ್ಲಿ ಸಣ್ಣ ಪಿನ್ ಇದೆ, ಕಾಣುತ್ತಿದೆಯಾ? ರಿಂಗಿನ ಬಾಯಿ ಆ ಪಿನ್ ಮೇಲೇ ಬರಬೇಕು. ಇಲ್ಲದಿದ್ದರೆ ರಿಂಗ್ ಸುತ್ತಿಕೊಂಡು ಹೋಗಿ ಅದರ ತುದಿ ಸಿಲಿಂಡರ್ ಗೋಡೆಯ ಕಿಂಡಿ, ಅಂದರೆ ಪೋರ್ಟ್‌ಗೆ ಸಿಕ್ಕಿ ಮುರಿಯುತ್ತದೆ. ಆಮೇಲೆ ಬೋರ್ ಮಾಡಿಸಿದ ದುಡ್ಡು ನೀರಿಗೆ ಹೋಯಿತು ಅಂತಲೇ.

ಚಕ್ರ. ಹಾಂ, ಇದು ನಗಬೇಕಾದ್ದು. ಹಳೆಯ ಜಾವಾಗೆ 16 ಇಂಚಿನ ಚಕ್ರ, ರೋಡ್‌ಕಿಂಗ್‌ಗೆ 18. ನಾನು "ಏನಾಗುತ್ತೆ, ಹಾಕಿ ನೋಡೋಣ" ಅಂದೆ. ನೋಡಿ, ಮುಂದೆ 18, ಹಿಂದೆ 16. ಗಾಡಿ ಆಕಾಶ ನೋಡುತ್ತಿದೆ. ಮಡ್‌ಗಾರ್ಡ್ ಅಂತೂ ಟೈರಿಗೆ ತಾಗುತ್ತಿದೆ. ಆಗಲೇ ಹೇಳಿದೆ ಅಲ್ವಾ, ಒರಿಜಿನಲ್ ಬಗ್ಗೆ ಚಿಂತೆ ಇಲ್ಲ ಅಂತ? ಚಕ್ರದ ವಿಷಯದಲ್ಲಿ ಇದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿ 16 ಇಂಚಿನ ರಿಮ್ ತಂದೆ. ಚಕ್ರದ ನಡುವಿನ ಹಬ್ ಕೂಡ ಸಿಕ್ಕಿತು. ಕಡ್ಡಿ ಹೊಸವು.

ಈಗ ಈ ವಿಡಿಯೋದ ನಿಜವಾದ ವಿಷಯಕ್ಕೆ ಬರೋಣ. ಕ್ರೋಮ್.

ಜಾವಾಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಎಡಕ್ಕೊಂದು, ಬಲಕ್ಕೊಂದು. ಗಾಡಿಯ ಅಂದ ಅರ್ಧ ಅದರಲ್ಲೇ ಇದೆ. ನನಗೆ ಸಿಕ್ಕಿದ ಜೋಡಿ ತುಕ್ಕು ಹಿಡಿದಿತ್ತು, ಆದರೆ ತಗಡು ಗಟ್ಟಿ ಇತ್ತು, ತೂತು ಇರಲಿಲ್ಲ. ಈಗ ಸಿಗುವ ಹೊಸ ಡೂಪ್ಲಿಕೇಟ್‌ಗಳ ತಗಡು ಹೆಬ್ಬೆರಳಲ್ಲಿ ಒತ್ತಿದರೆ ತಗ್ಗುತ್ತದೆ. ಆದ್ದರಿಂದ ಹಳೆಯದನ್ನೇ ಕ್ರೋಮ್ ಮಾಡಿಸೋಣ ಅಂತ ತೀರ್ಮಾನ. ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಕೊಳವೆ ಎಳೆದು, ಕರಿ ಸುಟ್ಟು ತೆಗೆದು, ಹಳೆಯ ಬೆಡ್‌ಶೀಟ್‌ನಲ್ಲಿ ಸುತ್ತಿ, ಪ್ಲೇಟಿಂಗ್ ಮಾಡುವವರ ಹತ್ತಿರ ಕೊಟ್ಟು ಬಂದೆ. ಊರ ಹೆಸರೂ ಬೇಡ, ಅಂಗಡಿ ಹೆಸರೂ ಬೇಡ. ಜೋಡಿಗೆ 7,000 ರೂಪಾಯಿ. ಅರ್ಧ ಮುಂಗಡ.

7,000 ಜಾಸ್ತಿ ಅಂತ ಮೊದಲು ಅನ್ನಿಸಿತು. ಅವರ ಕೆಲಸ ನೋಡಿದ ಮೇಲೆ ಕಡಿಮೆಯೇ ಅನ್ನಿಸಿತು. ಹೊಳೆಯುವುದೆಲ್ಲ ಕ್ರೋಮ್ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲ. ಮೊದಲು ಹಳೆಯದನ್ನು ಕಿತ್ತು ಪಾಲಿಶ್ ಹೊಡೆಯಬೇಕು, ಆಮೇಲೆ ನಿಕಲ್ ಹಾಕಬೇಕು, ಕ್ರೋಮ್ ಕೊನೆಗೆ ಬರುವ ಪೊರೆ. ಆ ಪೊರೆ ಸಾಮಾನ್ಯವಾಗಿ ಒಂದು ಮೈಕ್ರಾನ್ ಕೂಡ ಇರುವುದಿಲ್ಲ. ತುಕ್ಕು ತಡೆಯುವುದು ನಿಕಲ್. ಅದರಲ್ಲಿ ಜಿಪುಣತನ ಮಾಡಿದರೆ ಒಂದು ಮಳೆಗಾಲಕ್ಕೇ ಮೊಡವೆ ಏಳುತ್ತದೆ. ಮತ್ತೆ ಅಲ್ಲಿ ಬಳಸುವ ನೀರು ವಿಷ. ಕ್ರೋಮಿಯಂ ಇರುವ ನೀರನ್ನು ಸುಮ್ನೆ ಮೋರಿಗೆ ಬಿಡುವಂತಿಲ್ಲ, ಶುದ್ಧ ಮಾಡಿಯೇ ಬಿಡಬೇಕು. ಸರಿಯಾಗಿ ಮಾಡುವವರಿಗೆ ಖರ್ಚು ಬೀಳುತ್ತದೆ. ಅದಕ್ಕೆ ನಾನು ಚೌಕಾಸಿಯೇ ಮಾಡಲಿಲ್ಲ.

"ಮುಂದಿನ ಸೋಮವಾರ ಬನ್ನಿ" ಅಂದರು. ಹೋದರೆ ನಿಕಲ್ ಮುಗಿದಿದೆ. ಮತ್ತೆ ಹೋದರೆ ಕರೆಂಟ್ ಇಲ್ಲ. ಆಮೇಲೆ ಅವರ ಅಳಿಯನ ಗೃಹಪ್ರವೇಶ. ಫೋನ್ ಮಾಡಿದರೆ "ನಿಮ್ದೇ ಕೈಯಲ್ಲಿದೆ ಸಾರ್" ಅನ್ನುತ್ತಾರೆ. ಕೈಯಲ್ಲಿ ಫೋನ್ ಇದೆಯಲ್ಲಪ್ಪ, ಸೈಲೆನ್ಸರ್ ಹೇಗಿರುತ್ತದೆ?

ಕೊನೆಗೂ ಬಂತು. ಪೇಪರ್ ಬಿಚ್ಚುವುದನ್ನು ರೆಕಾರ್ಡ್ ಮಾಡಿದ್ದೇನೆ, ಇಗೋ. ಕ್ರೋಮ್ ಚೆನ್ನಾಗಿದೆ. ಸುಳ್ಳು ಹೇಳುವುದಿಲ್ಲ, ನಿಜವಾಗಿ ಚೆನ್ನಾಗಿದೆ. ಅದರಲ್ಲಿ ನನ್ನ ಮುಖ ಕಾಣುತ್ತಿದೆ, ಹಿಂದೆ ಬಟ್ಟೆ ಒಣಗಿಸುವ ದಾರವೂ ಕಾಣುತ್ತಿದೆ. ಎಡಗಡೆಯದ್ದು ಹಾಕಿದೆ. ಕೂತಿತು. ಬಲಗಡೆಯದ್ದು ಎತ್ತಿಕೊಂಡೆ. ಸೈಲೆನ್ಸರನ್ನು ಫ್ರೇಮ್‌ಗೆ ಹಿಡಿಸುವ ಬ್ರಾಕೆಟ್ ಒಳಗಡೆಗೆ ವೆಲ್ಡ್ ಮಾಡಿರುತ್ತಾರೆ. ಈಗ ನೋಡಿ, ಬ್ರಾಕೆಟ್ ಎಲ್ಲಿದೆ? ಹೊರಗಿದೆ. ತಿರುಗಿಸಿ ಹಿಡಿದೆ. ಆಗ ಬ್ರಾಕೆಟ್ ಒಳಗೆ ಬಂತು, ಬಾಲ ನೆಲಕ್ಕೆ ಬಂತು. ನನ್ನ ಮುಖ ನೋಡಿ ಈ ಶಾಟ್‌ನಲ್ಲಿ. ಅದು ಅರ್ಥವಾಗುತ್ತಿರುವ ಮುಖ.

ಎರಡೂ ಎಡಗಡೆಯವು. ದೇವಸ್ಥಾನದ ಮುಂದೆ ಬಿಟ್ಟು ಬಂದ ಚಪ್ಪಲಿ ಹಾಕಿಕೊಳ್ಳಲು ಹೋದರೆ ಎರಡೂ ಎಡಗಾಲಿನದ್ದೇ ಉಳಿದಿರುತ್ತದಲ್ಲ, ಹಾಗಾಯಿತು. ವ್ಯತ್ಯಾಸ ಏನೆಂದರೆ ಚಪ್ಪಲಿಗೆ ಯಾರೂ 7,000 ತೆಗೆದುಕೊಂಡಿರುವುದಿಲ್ಲ.

ಫೋನ್ ಮಾಡಿದೆ. "ನೀವು ಕೊಟ್ಟಿದ್ದೇ ಕೊಟ್ಟಿದ್ದೀವಿ ಸಾರ್." ನಾನು ಕೊಡುವ ಮೊದಲು ತೆಗೆದ ಫೋಟೋ ಕಳಿಸಿದೆ. ಒಂದು ಎಡ, ಒಂದು ಬಲ, ತುಕ್ಕು ಸಮೇತ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಖುದ್ದಾಗಿ ಹೋದೆ. ಆಗ ಗೊತ್ತಾಯಿತು, ಅದೇ ಸಮಯಕ್ಕೆ ಇನ್ನೊಬ್ಬರ ಜಾವಾ ಜೋಡಿಯೂ ಬಂದಿತ್ತಂತೆ. ಒಂದೇ ತೊಟ್ಟಿ, ಒಂದೇ ದಿನ. ಅವರ ಎಡ ನನಗೆ, ನನ್ನ ಬಲ ಅವರಿಗೆ. ಅವರ ನಂಬರ್ ಕೇಳಿದೆ. "ಕ್ಯಾಶ್ ಕೊಟ್ಟು ಹೋದ್ರು, ನಂಬರ್ ಇಲ್ಲ." ಬಿಲ್ ಬುಕ್ಕು? "ಬಿಲ್ ಬೇಕು ಅನ್ನಲಿಲ್ಲ ಅವರು."

ನನಗೆ ಸಿಟ್ಟು ಬಂದಿದ್ದು ಅದಲಬದಲಾಗಿದ್ದಕ್ಕಲ್ಲ. ಆಗುತ್ತದೆ, ತುಕ್ಕು ಹೋದ ಮೇಲೆ ಎಲ್ಲ ಒಂದೇ ಥರ ಕಾಣುತ್ತವೆ. ಒಂದು ತಂತಿ ಕಟ್ಟಿ, ಅದಕ್ಕೆ ತಗಡಿನ ಚೂರಿನ ಮೇಲೆ ನಂಬರ್ ಗುದ್ದಿ ನೇತುಹಾಕಿದ್ದರೆ ಮುಗಿಯುತ್ತಿತ್ತು. ಡ್ರೈಕ್ಲೀನಿಂಗ್‌ನವರು ಒಂದು ಶರ್ಟಿಗೆ ಮಾಡುತ್ತಾರೆ. ಮೇಲಿಂದ "ಬ್ರಾಕೆಟ್ ಕಟ್ ಮಾಡಿ ಆ ಕಡೆ ವೆಲ್ಡ್ ಮಾಡಿಸಿಬಿಡಿ ಸಾರ್, ಏನಿಲ್ಲ" ಅಂದರಲ್ಲ, ಆಗ ಬಂತು. ವೆಲ್ಡ್ ಮಾಡಿದರೆ ಕ್ರೋಮ್ ಸುಟ್ಟುಹೋಗುತ್ತದೆ. ಮತ್ತೆ ಪ್ಲೇಟಿಂಗ್. ಮತ್ತೆ ಯಾರ ಹತ್ತಿರ? ಅವರ ಹತ್ತಿರವೇ! ಒಳ್ಳೆಯ ವ್ಯಾಪಾರ.

ಇರಲಿ. ಶಾಟ್ ಮುಗಿಯುತ್ತಾ ಬಂತು, ಟ್ಯಾಂಕ್ ನೋಡೋಣ.

ಬಣ್ಣ ಮರೂನ್. ಬೇರೆ ಬಣ್ಣ ಯೋಚಿಸಲೇ ಇಲ್ಲ. ಪಕ್ಕದಲ್ಲಿ ಮಂಡಿ ತಾಗುವ ರಬ್ಬರ್ ಪ್ಯಾಡ್ ಮಾತ್ರ ಹಳೆಯದೇ. ಪೆಟ್ರೋಲ್ ಪೈಪ್, ಪೆಟ್ರೋಲ್ ನಲ್ಲಿಯ ವಾಷರ್ ಎಲ್ಲ ಹೊಸದು ಹಾಕಿದೆ. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್‌ವರೆಗೂ ಎಥೆನಾಲ್ ಇರುತ್ತದೆ. ಅದು ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ. ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡುವುದು ವಾಸಿ. ಟೂ ಸ್ಟ್ರೋಕ್ ಆದ್ದರಿಂದ ಪೆಟ್ರೋಲ್‌ಗೆ ಎಣ್ಣೆ ನಾವೇ ಬೆರೆಸಬೇಕು. ನಾನು ಲೀಟರಿಗೆ 40 ಎಂಎಲ್ ಹಾಕುತ್ತಿದ್ದೇನೆ, ಅಂದರೆ 25ಕ್ಕೆ 1. ಹೊಸ ಪಿಸ್ಟನ್ ಅಲ್ವಾ, ಹೊಗೆ ಸ್ವಲ್ಪ ಬಂದರೂ ಪರವಾಗಿಲ್ಲ.

ವೈರಿಂಗ್ ಓಡಿಸಿಬಿಡುತ್ತೇನೆ, 6 ವೋಲ್ಟ್, ನೋಡುವಂಥದ್ದು ಏನಿಲ್ಲ.

ಕಾಗದದ ವಿಷಯ ಒಂದು ಹೇಳಬೇಕು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ನಿಯಮ ತಂದಿದೆ. ನಂಬರಿನಲ್ಲಿ ವಿಎ ಅಂತ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ನಡೆಯುತ್ತದೆ. ಕೇಳಲು ಚೆಂದ. ಆದರೆ ಗಾಡಿಯಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ಮತ್ತೆ ದಿನಾ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸುವುದಕ್ಕೆ ಹೋಗಬಹುದು. ಹಾಲು ತರುವುದಕ್ಕೆ ಹೋಗಲು ಆಗುವುದಿಲ್ಲ. ನನಗೆ ಹಾಲು ತರುವ ಗಾಡಿಯೇ ಬೇಕು. ಅದಕ್ಕೆ ಹಳೆಯ ನಂಬರಿನಲ್ಲೇ ಆರ್‌ಸಿ ನವೀಕರಣ ಮಾಡಿಸುತ್ತೇನೆ, 5 ವರ್ಷಕ್ಕೊಮ್ಮೆ. ನೀವೂ ಇಂಥ ಗಾಡಿ ಕೊಳ್ಳುವುದಾದರೆ, ಸಿಲಿಂಡರ್ ಯಾರದ್ದಾದರೂ ಇರಲಿ, ನಂಬರ್ ಇರುವ ಕ್ರ್ಯಾಂಕ್‌ಕೇಸ್ ಮಾತ್ರ ಆರ್‌ಸಿಯದ್ದೇ ಇರಬೇಕು. ಇಂಜಿನ್ ನಂಬರ್ ಬದಲಾದರೆ ಆರ್‌ಟಿಒ ಅನುಮತಿ ಬೇಕು. ನಂಬರ್ ಉಜ್ಜಿರುವ ಗಾಡಿ ಕಂಡರೆ ಎಷ್ಟೇ ಅಗ್ಗವಿದ್ದರೂ ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಬನ್ನಿ.

ಈಗ ಸ್ಟಾರ್ಟ್. ಗೇರ್ ಲಿವರೇ ಕಿಕ್ಕರ್, ಗೊತ್ತಿಲ್ಲದವರು ನೋಡಿ. ಒಳಗೆ ಒತ್ತಿ, ಮೇಲಕ್ಕೆ ತಿರುಗಿಸಿ, ಒದೆಯುವುದು. ಸ್ಟಾರ್ಟ್ ಆದ ಮೇಲೆ ಮತ್ತೆ ಮುಂದಕ್ಕೆ ತಂದರೆ ಅದೇ ಗೇರು. ಗೇರ್ ಬದಲಾಯಿಸಲು ಲಿವರ್ ಒತ್ತಿದರೆ ಕ್ಲಚ್ಚೂ ತಾನೇ ಬಿಡುತ್ತದೆ, ಕೈಯಲ್ಲಿ ಕ್ಲಚ್ ಹಿಡಿಯಲೇಬೇಕು ಅಂತಿಲ್ಲ. 1960ರ ದಶಕದ ಗಾಡಿಯಲ್ಲಿ!

ಹಾಂ, ಹಿಡಿಯಿತು. ಹಿಡಿಯಿತು! ಹೊಗೆ ಜಾಸ್ತಿ ಅಂತ ಗಾಬರಿಯಾಗಬೇಡಿ, ಅದು ಜೋಡಿಸುವಾಗ ಸವರಿದ ಎಣ್ಣೆ. ಪಕ್ಕದ ಮನೆಯ ಆಂಟಿ ಒಣಗಿದ ಬಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿರುವುದು ಮೂಲೆಯಲ್ಲಿ ಕಾಣುತ್ತಿದೆ, ಸಾರಿ ಆಂಟಿ. ಸದ್ದು ಒಂದು ಕಡೆ ಜೋರು, ಯಾಕೆ ಅಂತ ಗೊತ್ತೇ ಇದೆ. ಬಲಗಡೆ ಸದ್ಯಕ್ಕೆ ಡೂಪ್ಲಿಕೇಟ್ ಹಾಕಿದ್ದೇನೆ. ಎಡದ್ದಕ್ಕಿಂತ ಗಿಡ್ಡ. ಯಾರೂ ಗಮನಿಸುವುದಿಲ್ಲ ಅಂದುಕೊಂಡಿದ್ದೆ, ಹಾಲಿನ ಬೂತ್‌ನವರು ಮೊದಲು ಅದನ್ನೇ ಕೇಳಿದರು.

ಮೆಮೊರಿ ಕಾರ್ಡ್ ತುಂಬಿತು ಅಂತ ಬರುತ್ತಿದೆ, ಬೇಗ ಹೇಳುತ್ತೇನೆ. ಎಲ್ಲೋ ಒಂದು ಮನೆಯಲ್ಲಿ ಒಬ್ಬರು ಎರಡು ಬಲ ಸೈಲೆನ್ಸರ್ ಹಿಡಿದುಕೊಂಡು ತಲೆ ಕೆರೆದುಕೊಳ್ಳುತ್ತಿದ್ದಾರೆ. ಸಾರ್, ನಿಮ್ಮ ಎಡ ನನ್ನ ಹತ್ತಿರ ಇದೆ. ಹೊಸ ಕ್ರೋಮ್, ಒಂದು ಗೀಟೂ ಬಿದ್ದಿಲ್ಲ. ನನ್ನ ಬಲ ತನ್ನಿ, ನಿಮ್ಮದು ತಗೊಂಡು ಹೋಗಿ. ಕಾಫಿ ನಂದು.