ಚಿವುಟಿದ್ರೆ ಮೇಲೆ ಬಿಗಿ, ಕೆಳಗೆ ಸಡಿಲ

ಕೇಳುಗರಿಗೆಲ್ಲ ನಮಸ್ಕಾರ. ಉಂಡ ಅನ್ನ ಕರುಳಲ್ಲಿ ಮುಂದಕ್ಕೆ ಸಾಗ್ಬೇಕಲ್ಲ, ಅದಕ್ಕೆ ಅಪ್ಪಣೆ ಕೊಡೋದು ಯಾರು, ಮೆದುಳಾ ಇಲ್ಲಾ ಕರುಳೇನಾ? ಇದಕ್ಕೆ ಗಟ್ಟಿ ಉತ್ತರ ಸಿಕ್ಕಿದ್ದು 1899ರಲ್ಲಿ, ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಅನ್ನೋ ಇಬ್ಬರು ವಿಜ್ಞಾನಿಗಳಿಂದ, ಸ್ಟಾರ್ಲಿಂಗ್ ಅವರ ತಂಗಿಯನ್ನೇ ಬೇಲಿಸ್ ಮದುವೆಯಾಗಿದ್ದು, ಹಾಗಾಗಿ ಭಾವ ಭಾಮೈದ.

ಕರುಳಿನ ಎರಡು ಸ್ನಾಯು ಪದರಗಳ ಮಧ್ಯೆ ನರಗಳ ಬಲೆ ಇದೆ ಅಂತ ಜರ್ಮನಿಯ ಔರ್‌ಬಾಖ್ 1860ರ ದಶಕದಲ್ಲೇ ತೋರಿಸಿದ್ರು, ಆದ್ರೆ ಅದರ ಕೆಲಸ ಏನು ಅಂತ ಸ್ಪಷ್ಟ ಇರಲಿಲ್ಲ. ಇವರಿಬ್ಬರು ನಾಯಿಗೆ ಅರಿವಳಿಕೆ ಕೊಟ್ಟು, ಹೊಟ್ಟೆ ತೆರೆದು, ಕರುಳು ಒಣಗದ ಹಾಗೆ ಬೆಚ್ಚಗಿನ ಉಪ್ಪುನೀರಲ್ಲಿಟ್ಟು, ಹೊರಗಿಂದ ಕರುಳಿಗೆ ಬರೋ ನರಗಳನ್ನ ಕತ್ತರಿಸಿಬಿಟ್ರು. ಆಮೇಲೆ ಕರುಳೊಳಗೆ ಪುಟ್ಟ ರಬ್ಬರ್ ಬಲೂನ್ ಇಟ್ಟು, ಅದರ ಒತ್ತಡ ಏರಿಳಿದ ಹಾಗೆಲ್ಲ ಗೆರೆ ಬೀಳೋ ಏರ್ಪಾಡು ಮಾಡಿದ್ರು. ಬಲೂನಿಗಿಂತ ಮೇಲೆ, ಅಂದ್ರೆ ಜಠರದ ಕಡೆ ಚಿವುಟಿದ್ರೆ ಬಲೂನ್ ಇದ್ದ ಜಾಗ ಸಡಿಲ ಆಯ್ತು, ಕೆಳಗೆ ಚಿವುಟಿದ್ರೆ ಅದೇ ಜಾಗ ಬಿಗಿಯಾಯ್ತು. ಅಂದ್ರೆ ಆಹಾರ ಎಲ್ಲಿ ಒತ್ತುತ್ತೋ ಅದರ ಹಿಂದೆ ಕರುಳು ಬಿಗಿದು ತಳ್ಳುತ್ತೆ, ಮುಂದೆ ಸಡಿಲಾಗಿ ದಾರಿ ಬಿಡುತ್ತೆ, ಅದೂ ಮೆದುಳಿನ ಸಂಪರ್ಕವೇ ಇಲ್ಲದೆ!

ಇನ್ನೊಂದು ಮಾತು, ನನಗಂತೂ ಇದೇ ಹೆಚ್ಚು ಇಷ್ಟ. ನರದ ಕೆಲಸ ತಡೆಯೋ ಕೊಕೇನ್ ಅಥವಾ ನಿಕೋಟಿನ್ ಹಾಕಿದಾಗ ಈ ತಳ್ಳುವ ಅಲೆ ನಿಂತುಹೋಯ್ತು, ಆದ್ರೆ ಸಣ್ಣದಾಗಿ ತಾಳ ಹಾಕಿದಂಗೆ ಕುಗ್ಗಿ ಹಿಗ್ಗೋದು ಮಾತ್ರ ನಿಲ್ಲಲಿಲ್ಲ. ಹಾಗಾಗಿ ತಾಳ ಸ್ನಾಯುವಿನದ್ದೇ, ದಿಕ್ಕು ಕೊಡೋದು ನರ ಅಂತ ಅವರು ಹೇಳಿದ್ರು.

ಬಿಗಿಯೋದನ್ನ ಎಲ್ಲರೂ ಗಮನಿಸ್ತಾರೆ, ಸಡಿಲ ಆಗೋದೂ ನರದ್ದೇ ಕೆಲಸ ಅನ್ನೋದು ಬೇಗ ಹೊಳೆಯಲ್ಲ. ಸಡಿಲ ಮಾಡೋ ರಾಸಾಯನಿಕ ಯಾವುದು ಅಂತ ಹುಡುಕಾಟ ದಶಕಗಟ್ಟಲೆ ನಡೀತು, 1960ರ ದಶಕದಲ್ಲಿ ಮೆಲ್ಬರ್ನ್‌ನ ಬರ್ನ್‌ಸ್ಟಾಕ್ ತಂಡದವರು ಗಿನಿಪಿಗ್ ಕರುಳಲ್ಲಿ ಆಗ ಗೊತ್ತಿದ್ದ ರಾಸಾಯನಿಕಗಳನ್ನೆಲ್ಲ ತಡೆದ್ರೂ ನರ ಕೆರಳಿಸಿದಾಗ ಸ್ನಾಯು ಸಡಿಲ ಆಗೋದನ್ನ ಕಂಡ್ರು, ಮುಂದೆ ಸಡಿಲ ಮಾಡೋ ರಾಸಾಯನಿಕಗಳು ಅಂತ ಎಟಿಪಿ, ನೈಟ್ರಿಕ್ ಆಕ್ಸೈಡ್ ಹೆಸರು ಬಂದಿದ್ದು ಇದೇ ದಾರೀಲಿ.

ಇದು ಬರೀ ಲ್ಯಾಬಿನ ವಿಷಯ ಅಲ್ಲ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ದೊಡ್ಡ ಕರುಳಿನ ಕೊನೇ ಭಾಗದಲ್ಲಿ ಈ ನರಕೋಶಗಳೇ ಇರಲ್ಲ, ಇದಕ್ಕೆ ಹಿರ್ಷ್‌ಸ್ಪ್ರಂಗ್ ಕಾಯಿಲೆ ಅಂತಾರೆ. ಆ ಭಾಗ ಸಡಿಲ ಆಗದೆ ಮುಚ್ಚಿಕೊಂಡೇ ಇರುತ್ತೆ, ಮಲ ಮೇಲೇ ನಿಂತು ಹೊಟ್ಟೆ ಉಬ್ಬುತ್ತೆ. ಹುಟ್ಟಿದ ಮಗು ಎರಡು ದಿನ ಆದ್ರೂ ಮೊದಲ ಕಪ್ಪು ಮಲ ಮಾಡದಿದ್ರೆ ದಯವಿಟ್ಟು ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಅವರು ಕರುಳಿನ ಚೂರು ತೆಗೆದು ಮೈಕ್ರೋಸ್ಕೋಪಲ್ಲಿ ನರಕೋಶ ಇದೆಯಾ ನೋಡ್ತಾರೆ, ಇಲ್ಲದ ಭಾಗ ತೆಗೆದು, ಇರೋ ಭಾಗವನ್ನ ಕೆಳಗೆಳೆದು ಜೋಡಿಸ್ತಾರೆ. ನಮಸ್ಕಾರ.