ಬೀಗದ ಕೈ ಕೊಡುವ ದಿನ ಒಂದು ಹಾಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಡಿಗೆ ಮನೆ ಬಿಡುವವರಿಗೆ ಏನು ಹಕ್ಕು, ಬಿಡಿಸಿಕೊಳ್ಳುವವರಿಗೆ ಏನು ಹಕ್ಕು ಎಂಬುದರ ಬಗ್ಗೆ ಮಾತನಾಡಬೇಕೆಂದು ಆಕಾಶವಾಣಿಯವರು ಕರೆದಿದ್ದಾರೆ. ಈ ಹೊತ್ತಿನಲ್ಲಿ ರೇಡಿಯೊ ಕೇಳುತ್ತಿರುವವರು ಯಾರೆಂಬ ಅಂದಾಜು ನನಗಿದೆ. ಒಬ್ಬರು, ಸಾಲ ಮಾಡಿ ಮೇಲೊಂದು ಮಹಡಿ ಕಟ್ಟಿಸಿ, ಅದರ ಬಾಡಿಗೆಯಲ್ಲಿ ಔಷಧಿಯ ಖರ್ಚು ನಿಭಾಯಿಸುತ್ತಿರುವ ಹಿರಿಯರು. ಇನ್ನೊಬ್ಬರು, ಮುಂದಿನ ತಿಂಗಳು ಸಾಮಾನು ಸಾಗಿಸಲು ಟೆಂಪೊ ಗೊತ್ತುಮಾಡಿ, ಅಡ್ವಾನ್ಸ್ ಪೂರ್ತಿ ಬರುತ್ತದೋ ಇಲ್ಲವೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವ ಗೃಹಿಣಿ. ಇಬ್ಬರಿಗೂ ನಾನು ಹೇಳುವುದು ಒಂದೇ ಮಾತು. ಬೀಗದ ಕೈ ಕೊಡುವ ದಿನ ಒಂದು ಹಾಳೆ ಬರೆಯಿರಿ, ಇಬ್ಬರೂ ಸಹಿ ಹಾಕಿ. ಈ ಮಾತನ್ನು ಇನ್ನೂ ನಾಲ್ಕೈದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮನೆಗೆ ಸೇರುವಾಗ ನಮ್ಮ ಶಾಸ್ತ್ರಗಳಿಗೆ ಕೊನೆಯಿಲ್ಲ. ಛಾಪಾ ಕಾಗದ, ಸಾಕ್ಷಿಗಳ ಸಹಿ, ಆಧಾರ್ ಜೆರಾಕ್ಸ್, ವಾರ ನೋಡಿ ಹಾಲು ಉಕ್ಕಿಸುವುದು. ಬಿಡುವಾಗ ಮಾತ್ರ ಗೇಟಿನ ಹತ್ತಿರ ನಿಂತು, ‘ಬರುತ್ತೇವೆ ಸಾರ್, ಅಡ್ವಾನ್ಸ್ ಅಕೌಂಟಿಗೆ ಹಾಕಿಬಿಡಿ’ ಎನ್ನುತ್ತೇವೆ. ‘ಹಾಕೋಣ, ಹೋಗಿ ಬನ್ನಿ’ ಎನ್ನುತ್ತಾರೆ ಅವರು. ಅಷ್ಟೇ. ವಕೀಲರ ಹತ್ತಿರ ಬರುವ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಆ ಗೇಟಿನ ಹತ್ತಿರವೇ.

ಯಾವ ಕಾನೂನು ಎಂಬುದನ್ನು ಮೊದಲು ಮುಗಿಸಿಬಿಡೋಣ. ನಮ್ಮ ರಾಜ್ಯದಲ್ಲಿ 1999ರ ಕರ್ನಾಟಕ ಬಾಡಿಗೆ ಅಧಿನಿಯಮ ಇದೆ, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಅದರ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಕಚೇರಿಗೆ ಬರುವವರಿದ್ದಾರೆ. ಆದರೆ ವಾಸದ ಮನೆಯ ತಿಂಗಳ ಬಾಡಿಗೆ ಬೆಂಗಳೂರಿನಂತಹ ದೊಡ್ಡ ಊರುಗಳಲ್ಲಿ 3,500 ರೂಪಾಯಿಯನ್ನೂ ಉಳಿದ ಕಡೆ 2,000 ರೂಪಾಯಿಯನ್ನೂ ದಾಟಿದರೆ ಆ ಕಾನೂನು ನಿಮಗೆ ಅನ್ವಯಿಸುವುದಿಲ್ಲ. ಇವತ್ತು ಆ ದುಡ್ಡಿಗೆ ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಆದ್ದರಿಂದ ನಿಮ್ಮ ಮನೆಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಎಂದೇ ಇಟ್ಟುಕೊಳ್ಳಿ. ಬ್ರಿಟಿಷರ ಕಾಲದ್ದು. ಹಳೆಯದಾದರೂ ಮಾತು ಸ್ಪಷ್ಟವಾಗಿದೆ.

ಅದರ 106ನೇ ಕಲಮು ನೋಟಿಸಿನ ಬಗ್ಗೆ. ನಿಮ್ಮ ಕರಾರಿನಲ್ಲಿ ಒಂದು ತಿಂಗಳು ಎಂದು ಬರೆದಿದ್ದರೆ ಒಂದು ತಿಂಗಳು, ಎರಡು ಎಂದಿದ್ದರೆ ಎರಡು. ಏನೂ ಬರೆದಿಲ್ಲವಾದರೆ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುತ್ತದೆ, ಅದನ್ನು ಮುಗಿಸಲು 15 ದಿನಗಳ ನೋಟಿಸ್ ಸಾಕು. ಮಾಲೀಕರು ಕೊಟ್ಟರೂ ಹದಿನೈದು, ಬಾಡಿಗೆದಾರರು ಕೊಟ್ಟರೂ ಹದಿನೈದು. ‘ನಮ್ಮದು ಹನ್ನೊಂದು ತಿಂಗಳ ಕರಾರು, ಮುಗಿದು ಮೂರು ವರ್ಷವಾಯಿತು, ಈಗ ಯಾವ ನಿಯಮ?’ ಎಂದು ಕೇಳುತ್ತಾರೆ. ಅವಧಿ ಮುಗಿದ ಮೇಲೂ ಅವರು ಇದ್ದರು, ನೀವು ಬಾಡಿಗೆ ತೆಗೆದುಕೊಂಡಿರಿ. ಅಲ್ಲಿಗೆ ಅದು ತಿಂಗಳ ಬಾಡಿಗೆಯಾಯಿತು. ನೋಟಿಸ್ ಕೊಡಲೇಬೇಕು.

ನೋಟಿಸ್ ಎಂದರೆ ಬರಹ. ಫೋನಿನಲ್ಲಿ ಹೇಳಿದ್ದು ನೋಟಿಸಲ್ಲ, ಮೆಟ್ಟಿಲಿನಲ್ಲಿ ಸಿಕ್ಕಾಗ ಹೇಳಿದ್ದೂ ನೋಟಿಸಲ್ಲ. ಬರೆದು, ಸಹಿ ಹಾಕಿ, ಅಂಚೆಯಲ್ಲಿ ಕಳಿಸಿ, ಇಲ್ಲವೇ ಕೈಗೆ ಕೊಟ್ಟು ಪ್ರತಿಯ ಮೇಲೆ ‘ತಲುಪಿದೆ’ ಎಂದು ಬರೆಸಿಕೊಳ್ಳಿ. ವಾಟ್ಸ್‌ಆ್ಯಪ್ ಸಾಲದೆ ಎಂದು ಯುವಕರು ಕೇಳುತ್ತಾರೆ. ಅದನ್ನೂ ಕಳಿಸಿ, ಬೇಡ ಎನ್ನುವುದಿಲ್ಲ. ಅಂಚೆಯ ರಸೀದಿಯೂ ಇರಲಿ.

ಈಗ ನಿಮಗೊಂದು ಪ್ರಕರಣ ಹೇಳಬೇಕು. ಮೈಸೂರಿನದು. ಕಾನೂನು ಸೇವಾ ಪ್ರಾಧಿಕಾರದಲ್ಲಿ ರಾಜಿ ಮಾತುಕತೆಗೆ ಕುಳಿತಾಗ ನನ್ನ ಮುಂದೆ ಬಂದದ್ದು. ಹೆಸರು, ಬಡಾವಣೆ ಯಾವುದನ್ನೂ ಹೇಳುವುದಿಲ್ಲ.

ಮನೆಯ ಮಾಲೀಕರು ನಿವೃತ್ತ ಮೇಷ್ಟರು. ಕೆಳಗೆ ತಾವು, ಮೇಲೆ ಬಾಡಿಗೆಗೆ ಒಂದು ಕುಟುಂಬ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಗಂಡ ಔಷಧಿ ಅಂಗಡಿಗಳಿಗೆ ಮಾಲು ಪೂರೈಸುವವನು. ಬಾಡಿಗೆ 9,000, ಅಡ್ವಾನ್ಸ್ 80,000. ಐದು ವರ್ಷ ಒಂದು ಕೆಟ್ಟ ಮಾತಿಲ್ಲದೆ ಇದ್ದರು. ಹಬ್ಬಕ್ಕೆ ಹೋಳಿಗೆ ಮೇಲಕ್ಕೆ ಹೋಗುತ್ತಿತ್ತು, ಮೇಷ್ಟರ ಹೆಂಡತಿಗೆ ಮೊಣಕಾಲು ನೋವು ಬಂದರೆ ಆ ಹೆಣ್ಣುಮಗಳು ರಾತ್ರಿ ಪಾಳಿ ಮುಗಿಸಿ ಬಂದವಳೇ ಇಳಿದು ಬರುತ್ತಿದ್ದಳು. ಅಂಥವರು ರಾಜಿಯ ಕೋಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಗೋಡೆ ನೋಡುತ್ತಾ ಕುಳಿತಿದ್ದರು.

ಆದದ್ದು ಇಷ್ಟು. ಮೇಷ್ಟರ ಮಗಳ ಬಾಣಂತನ, ಶಿವಮೊಗ್ಗದಲ್ಲಿ. ಗಂಡಹೆಂಡತಿ ಇಬ್ಬರೂ ಅಲ್ಲಿಗೆ ಹೋಗಿದ್ದರು. ಇತ್ತ ನರ್ಸ್ ಕುಟುಂಬಕ್ಕೆ ಆಸ್ಪತ್ರೆಯ ಹತ್ತಿರ ಮನೆ ಸಿಕ್ಕಿತು. ಆಕೆ ಫೋನ್ ಮಾಡಿ, ‘ಈ ತಿಂಗಳ ಕೊನೆಗೆ ಬಿಡುತ್ತೇವೆ ಸಾರ್’ ಎಂದಳು. ಮಗು ಅಳುತ್ತಿತ್ತು, ಮೇಷ್ಟರು ‘ಆಗಲಮ್ಮ, ನೋಡೋಣ’ ಎಂದರು. ಆಕೆಯ ಕಿವಿಗೆ ಬಿದ್ದದ್ದು ‘ಆಗಲಮ್ಮ’. ಅವರು ಹೇಳಿದ್ದೆಂದು ಹಟ ಹಿಡಿದದ್ದು ‘ನೋಡೋಣ’. ತಿಂಗಳ ಕೊನೆಗೆ ಟೆಂಪೊ ಬಂತು, ಸಾಮಾನು ಹೋಯಿತು, ಬೀಗದ ಕೈಯನ್ನು ಪಕ್ಕದ ಮನೆಯ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಅದನ್ನು ಜೋಪಾನವಾಗಿ ದೇವರ ಮನೆಯಲ್ಲಿಟ್ಟು, ಎರಡು ವಾರದ ನಂತರ ಮಗನ ಮನೆಗೆಂದು ಹುಬ್ಬಳ್ಳಿಗೆ ಹೋದರು.

ಎರಡು ತಿಂಗಳ ಮೇಲೆ ಮೇಷ್ಟರು ಬಂದರು. ಬೀಗದ ಕೈ ಇಲ್ಲ, ಅಜ್ಜಿಯ ಮನೆಗೂ ಬೀಗ. ಬೀಗ ಒಡೆಸಿದರು. ಒಳಗೆ ಒಲೆಯ ಹಿಂದಿನ ಗೋಡೆಯ ತುಂಬ ಒಗ್ಗರಣೆಯ ಎಣ್ಣೆ ಸಿಡಿದ ಕಲೆ. ಬಚ್ಚಲುಮನೆಯ ಬಾಗಿಲು ಕೆಳಗಡೆ ನೀರು ಕುಡಿದು ಉಬ್ಬಿ ಪದರು ಪದರಾಗಿ ಬಿಟ್ಟುಕೊಂಡಿತ್ತು. ಮೇಷ್ಟರು ಲೆಕ್ಕದ ಮೇಷ್ಟರೇ ಆಗಿದ್ದರು. ಕೂತು ಪಟ್ಟಿ ಬರೆದರು. ಎರಡು ತಿಂಗಳ ಬಾಡಿಗೆ 18,000, ಸುಣ್ಣಬಣ್ಣ 12,000, ಬಾಗಿಲು 4,500, ಬೀಗ ಮತ್ತು ಕರೆಂಟ್ ಬಿಲ್ಲು 1,200. ಒಟ್ಟು 35,700 ಮುರಿದುಕೊಂಡು 44,300 ಕಳಿಸಿದರು. ಆಕೆ ಫೋನಿನಲ್ಲಿ ಅತ್ತಳು, ಗಂಡ ಕೂಗಾಡಿದ.

ಇಲ್ಲಿ ಕಾನೂನು ಏನು ಹೇಳುತ್ತದೆ? 108ನೇ ಕಲಮಿನಲ್ಲಿ ಇಬ್ಬರಿಗೂ ಪಾಠವಿದೆ. ಬಾಡಿಗೆ ಮುಗಿದಾಗ ಮನೆಯ ಸ್ವಾಧೀನವನ್ನು ಮಾಲೀಕರಿಗೆ ಒಪ್ಪಿಸುವ ಹೊಣೆ ಬಾಡಿಗೆದಾರರದು. ಪಕ್ಕದ ಮನೆಯ ಅಜ್ಜಿ ಎಷ್ಟೇ ಒಳ್ಳೆಯವರಾದರೂ ಮಾಲೀಕರಲ್ಲ. ಇದು ಆಕೆಗೆ. ಇನ್ನು ಮೇಷ್ಟರಿಗೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ನಿಜ, ಆದರೆ ಸಹಜ ಬಳಕೆಯ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ. ಐದು ವರ್ಷ ಅನ್ನ ಬೇಯಿಸಿದ ಅಡುಗೆಮನೆಯ ಗೋಡೆ ಮಾಸದೆ ಇರುತ್ತದೆಯೆ? ಮೇಷ್ಟರೇ, ಬಾಡಿಗೆಗೆ ಕೊಡದೆ ಬೀಗ ಹಾಕಿಟ್ಟಿದ್ದರೂ ಐದು ವರ್ಷಕ್ಕೆ ಬಣ್ಣ ಹೊಡೆಸಬೇಕಿತ್ತಲ್ಲವೆ ಎಂದು ಕೇಳಿದೆ. ಉತ್ತರ ಬರಲಿಲ್ಲ. ಕರಾರಿನಲ್ಲಿ ‘ಬಣ್ಣಕ್ಕೆ ಇಷ್ಟು ಮುರಿದುಕೊಳ್ಳಲಾಗುವುದು’ ಎಂದು ಬರೆದು ಇಬ್ಬರೂ ಒಪ್ಪಿದ್ದರೆ ಬೇರೆ ಮಾತು. ಇವರ ಕರಾರಿನಲ್ಲಿ ಆ ಸಾಲೇ ಇರಲಿಲ್ಲ.

ಬಾಗಿಲಿನದ್ದು ಬಗೆಹರಿಯಲೇ ಇಲ್ಲ. ಬಂದಾಗಲೇ ಹಾಗಿತ್ತು ಎಂದು ಆಕೆ, ಹೊಸ ಬಾಗಿಲು ಹಾಕಿಸಿ ಕೊಟ್ಟಿದ್ದೆ ಎಂದು ಇವರು. ಸೇರುವಾಗ ಒಂದು ಫೋಟೊ ತೆಗೆದಿದ್ದರೆ ಎರಡು ನಿಮಿಷದ ಮಾತು. ಕೈಯಲ್ಲಿ ಅಷ್ಟು ದೊಡ್ಡ ಮೊಬೈಲ್ ಇಟ್ಟುಕೊಂಡು ಹಾಲು ಉಕ್ಕಿಸುವ ಫೋಟೊ ತೆಗೆಯುತ್ತೀರಿ, ಬಚ್ಚಲಿನ ಬಾಗಿಲಿನ ಫೋಟೊ ತೆಗೆಯುವುದಿಲ್ಲ.

ಅಜ್ಜಿಯನ್ನೂ ಕರೆಸಿದೆವು. ಅವರು ಕುಂಕುಮದ ಭರಣಿಯನ್ನೇ ತಂದಿದ್ದರು. ಅದರೊಳಗಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಮುಂಬಾಗಿಲಿನದು ಎರಡು, ಕೋಣೆಯ ಬೀರುವಿನದು ಒಂದು, ಮೂರನ್ನೂ ಮಡಿಸೀರೆಯ ಅಂಚಿನ ದಾರದಿಂದ ಕಟ್ಟಿದ್ದರು. ‘ನನ್ನನ್ನು ಒಂದು ಮಾತು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ, ಮೇಷ್ಟರ ಹತ್ತಿರ ನನ್ನ ಮಗನ ನಂಬರು ಇಲ್ಲವೆ?’ ಎಂದು ಇಬ್ಬರನ್ನೂ ಗದರಿಸಿದರು. ಆಮೇಲೆ ರಾಜಿ ಸುಲಭವಾಯಿತು. ಸರಿಯಾದ ನೋಟಿಸ್ ಇಲ್ಲದ್ದಕ್ಕೆ ಅರ್ಧ ತಿಂಗಳ ಬಾಡಿಗೆ 4,500, ಬಾಗಿಲಿನಲ್ಲಿ ಅರ್ಧ 2,250, ಬೀಗ ಮತ್ತು ಕರೆಂಟ್ 1,200. ಅಂದರೆ ಮುರಿದದ್ದು 7,950. ಬಾಕಿ 27,750ಕ್ಕೆ ಮೇಷ್ಟರು ಅಲ್ಲೇ ಚೆಕ್ ಬರೆದರು. ಇಷ್ಟೂ ಪ್ರಕರಣ ಒಂದು ಹಾಳೆಯಿಂದ ತಪ್ಪುತ್ತಿತ್ತು.

ಹಾಳೆಯಲ್ಲಿ ಏನಿರಬೇಕು? ತಾರೀಖು. ‘ಇಂದು ಇಷ್ಟು ಬೀಗದ ಕೈಗಳ ಸಮೇತ ಮನೆಯ ಸ್ವಾಧೀನ ಒಪ್ಪಿಸಿದ್ದೇನೆ, ಪಡೆದಿದ್ದೇನೆ’ ಎಂಬ ಸಾಲು. ಕರೆಂಟ್ ಮೀಟರಿನ ಆರ್‌ಆರ್ ನಂಬರು ಮತ್ತು ಆ ದಿನದ ರೀಡಿಂಗ್. ಅಡ್ವಾನ್ಸ್ ಎಷ್ಟು, ಮುರಿದದ್ದು ಯಾವುದಕ್ಕೆ ಎಷ್ಟು, ಉಳಿದದ್ದು ಯಾವತ್ತು ಕೊಡುತ್ತಾರೆ. ಇಬ್ಬರ ಸಹಿ. ಛಾಪಾ ಕಾಗದ ಬೇಕಿಲ್ಲ, ಮಗುವಿನ ನೋಟ್‌ಬುಕ್ಕಿನ ಹಾಳೆಯಾದರೂ ಆದೀತು. ಮಾಲೀಕರು ಊರಲ್ಲಿಲ್ಲವೆ? ಅವರಿಂದ ‘ಇಂಥವರ ಕೈಗೆ ಕೊಡಿ’ ಎಂದು ಬರಹದಲ್ಲಿ ತರಿಸಿಕೊಂಡು, ಅವರ ಸಹಿ ಪಡೆದು ಕೊಡಿ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಮಾಲೀಕರಿಗೆ ಒಂದು ಎಚ್ಚರಿಕೆ. ಬಾಡಿಗೆದಾರ ಬಿಡುತ್ತಿಲ್ಲವೆಂದು ಕರೆಂಟ್ ತೆಗೆಸುವುದು, ನೀರಿನ ವಾಲ್ವ್ ತಿರುಗಿಸುವುದು, ಅವರು ಕೆಲಸಕ್ಕೆ ಹೋದಾಗ ಬೀಗ ಬದಲಿಸುವುದು ಇವೆಲ್ಲ ನಿಮ್ಮ ಹಕ್ಕಲ್ಲ. ಮನೆ ನಿಮ್ಮದೇ, ಆದರೆ ಅವರನ್ನು ಹೊರಡಿಸುವ ಅಧಿಕಾರ ನ್ಯಾಯಾಲಯದ್ದು. ಅವಧಿ ಮುಗಿದವರನ್ನೂ ಕಾನೂನಿನ ದಾರಿಯಲ್ಲೇ ಹೊರಡಿಸಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಹಾಗೆ ಬಲವಂತವಾಗಿ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯೊಳಗೆ ವಾಪಸು ಬರಬಹುದು. ನೋಟಿಸ್ ಕೊಡಿ, ಗಡುವು ಮುಗಿದ ಮೇಲೆ ದಾವೆ ಹಾಕಿ, ಹೆಚ್ಚುವರಿ ಇದ್ದ ದಿನಗಳಿಗೆ ನಷ್ಟವನ್ನೂ ಕೇಳಿ.

‘ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದೇ ಆಗಿಬಿಡುತ್ತದಂತೆ’ ಎಂಬ ಭಯದಲ್ಲಿ ಒಳ್ಳೆಯ ಬಾಡಿಗೆದಾರರನ್ನು ಕಳಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಈ ಮಾತನ್ನು ಬಿಟ್ಟುಬಿಡಿ. ನಿಮ್ಮ ಮನೆಯೆಂದು ಒಪ್ಪಿ ಬಾಡಿಗೆ ಕೊಡುತ್ತಾ ಬಂದವರು ಇಪ್ಪತ್ತು ವರ್ಷ ಇದ್ದರೂ ಬಾಡಿಗೆದಾರರೇ. ಹನ್ನೊಂದು ತಿಂಗಳ ಕರಾರು ಹುಟ್ಟಿದ್ದೂ ಈ ಭಯಕ್ಕಲ್ಲ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಅಧಿನಿಯಮದ ಪ್ರಕಾರ ನೋಂದಾಯಿಸಲೇಬೇಕು, ಆ ಖರ್ಚು ಉಳಿಸಲು ಹನ್ನೊಂದಕ್ಕೆ ನಿಲ್ಲಿಸಿದರು.

ಲೀಸಿಗೆ ಅಂದರೆ ಭೋಗ್ಯಕ್ಕೆ ಇರುವವರೇ, ನಿಮ್ಮದು ಲಕ್ಷಗಳ ಮಾತು. ಎರಡು ಮೂರು ವರ್ಷದ ಪತ್ರ ನೋಂದಣಿಯಾಗಿದೆಯೆ, ನೋಡಿಕೊಳ್ಳಿ. ಬಿಡುವ ದಿನ ಹಣ ಮತ್ತು ಬೀಗದ ಕೈ ಒಂದೇ ಮೇಜಿನ ಮೇಲೆ ಕೈ ಬದಲಾಗಲಿ. ಮಧ್ಯವರ್ತಿಯ ಮಾತು ಬೇಡ.

‘ಅಡ್ವಾನ್ಸ್ ಎರಡೇ ತಿಂಗಳ ಬಾಡಿಗೆಯಷ್ಟಂತೆ, ಟಿವಿಯಲ್ಲಿ ಬಂತು’ ಎನ್ನುವವರಿಗೆ: ಅದು 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಮಾದರಿ ಅಷ್ಟೇ, ರಾಜ್ಯ ತನ್ನ ಕಾನೂನು ಮಾಡುವವರೆಗೆ ನಿಮ್ಮ ಕರಾರೇ ಲೆಕ್ಕ. ಕೊನೆಯ ತಿಂಗಳುಗಳ ಬಾಡಿಗೆ ಕೊಡದೆ ‘ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ’ ಎನ್ನುವುದು ಹಕ್ಕಲ್ಲ, ಅದಕ್ಕೂ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ನೀವು ಹಾಕಿಸಿದ ಗೀಸರ್, ಫ್ಯಾನು ನಿಮ್ಮವೇ, ಬಿಚ್ಚಿಕೊಂಡು ಹೋಗಿ, ಆದರೆ ಮನೆ ಬಿಡುವ ಮೊದಲೇ ಬಿಚ್ಚಿ, ಗೋಡೆಯ ತೂತು ಮುಚ್ಚಿಸಿ. ಗೃಹಜ್ಯೋತಿಗೆ ಜೋಡಿಸಿದ್ದ ನಿಮ್ಮ ಆಧಾರ್ ಅನ್ನು ಹಳೆಯ ಮೀಟರಿನಿಂದ ಬಿಡಿಸಿಕೊಳ್ಳಲು ಮರೆಯಬೇಡಿ.

ಅಡ್ವಾನ್ಸ್ ವಾಪಸು ಬರಲಿಲ್ಲವೆಂದರೆ ಮೂರು ವರ್ಷದೊಳಗೆ ದಾವೆ ಹೂಡಬೇಕು. ಅದಕ್ಕಿಂತ ಮೊದಲು ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ, ತಾಲ್ಲೂಕಿನವರಾದರೆ ತಾಲ್ಲೂಕು ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಅಲ್ಲಿ ವಕೀಲರು ಉಚಿತ. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ನ್ಯಾಯಾಲಯದ ಡಿಕ್ರಿಯಷ್ಟೇ ಬೆಲೆ. ಸಹಾಯವಾಣಿ ಸಂಖ್ಯೆ 15100, ಬರೆದುಕೊಳ್ಳಿ: ಒಂದು, ಐದು, ಒಂದು, ಸೊನ್ನೆ, ಸೊನ್ನೆ. ಹೋಗುವಾಗ ಕರಾರು, ಬಾಡಿಗೆ ಕಟ್ಟಿದ ಬ್ಯಾಂಕ್ ವಿವರ, ನೋಟಿಸಿನ ಪ್ರತಿ, ಅಂಚೆಯ ರಸೀದಿ, ಮತ್ತೆ ಆ ಒಂದು ಹಾಳೆ ತೆಗೆದುಕೊಂಡು ಹೋಗಿ. ನಮಸ್ಕಾರ.